ವೀರನ ಲಕ್ಷಣ ಹೇಳಿಕೊಟ್ಟ ವರ್ಷ

ಹೋದ ತಿಂಗಳು ಮಗಳ ಮದುವೆಯ ಸೀರೆಗೆಂದು ದೊಡ್ಡಬಳ್ಳಾಪುರಕ್ಕೆ ಹೋಗಿದ್ದೆವು. ಅಂಗಡಿಗಿಂತ ಮಗ್ಗದ ಮನೆಯಲ್ಲೇ ನೋಡೋಣ ಎಂದು ಹೆಂಡತಿ ಹಟ ಹಿಡಿದಳು. ಆ ಊರಿಗೆ ಹೋಗುವುದನ್ನು ನಾನು ಹೇಗಾದರೂ ತಪ್ಪಿಸಿಕೊಂಡು ಬಂದವನು, ಕಾರಣ ಅವಳಿಗೆ ಗೊತ್ತಿರಲಿಲ್ಲ. ನೇಕಾರರ ಬೀದಿಯ ತಿರುವಿನಲ್ಲೇ ಆ ವಾಸನೆ ಬಂತು. ಮಗ್ಗಕ್ಕೆ ಬಿಡುವ ಎಣ್ಣೆ, ಕಾದ ಮೋಟಾರು, ಹೊಸ ನೂಲು ಎಲ್ಲ ಬೆರೆತ ವಾಸನೆ. ಅದರ ಹಿಂದೆಯೇ ಟಕಟಕ ಸದ್ದು. ನಾನು ಅಲ್ಲೇ ನಿಂತುಬಿಟ್ಟೆ. "ಏನ್ರೀ, ಮಂಡಿ ನೋವಾ?" ಎಂದಳು. ಹೌದು ಎಂದೆ. ಮಂಡಿಗೆ ಏನೂ ಆಗಿರಲಿಲ್ಲ.

ತೊಂಬತ್ತೆರಡನೇ ಇಸವಿಯ ಜೂನ್ ತಿಂಗಳಲ್ಲಿ ನಾನು ಆ ಊರಿನ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕನಾಗಿ ಬಂದೆ. ಆಗ ನನಗೆ ಇಪ್ಪತ್ತಾರು. ಸೂಲಿಬೆಲೆ ಪಕ್ಕದ ಹಳ್ಳಿಯ ರೈತರ ಮನೆಯಿಂದ ಇಂಗ್ಲಿಷ್ ಎಂ.ಎ. ಮಾಡಿದ ಮೊದಲನೆಯವನು ಎಂಬ ಗತ್ತು ನನ್ನ ನಡಿಗೆಯಲ್ಲೇ ಕಾಣುತ್ತಿತ್ತಂತೆ, ಅಮ್ಮ ಹೇಳುತ್ತಿದ್ದಳು. ಕಾಲೇಜಿಗೆ ಹತ್ತಿರವೆಂದು ನೇಕಾರರ ಬೀದಿಯಲ್ಲೇ ಮಹಡಿ ಮೇಲೊಂದು ರೂಮು ಹಿಡಿದೆ. ಕೆಳಗೆ ನಾಲ್ಕು ಪವರ್‌ಲೂಮ್. ಬೆಳಗ್ಗೆ ಅವು ಶುರುವಾದರೆ ನನ್ನ ಮೇಜಿನ ಮೇಲಿನ ಸ್ಟೀಲ್ ಲೋಟ ತಾನಾಗಿ ಅಂಚಿನ ಕಡೆ ಸರಿಯುತ್ತಿತ್ತು. ಮೊದಲ ವಾರವೇ ಮೆಡಿಕಲ್ ಸ್ಟೋರಿನಿಂದ ಒಂದು ಕಟ್ಟು ಹತ್ತಿ ತಂದೆ. ಓದುವಾಗ, ಪೇಪರು ತಿದ್ದುವಾಗ ಎರಡೂ ಕಿವಿಗೆ ಹತ್ತಿ. ಮನೆ ಯಜಮಾನರು ನೋಡಿ ನಕ್ಕರು.

"ಸಾರ್, ನಮ್ ಮಕ್ಳು ಇದೇ ಸದ್ದಲ್ಲಿ ತೊಟ್ಲಲ್ಲಿ ಮಲಗಿದ್ವು. ನಿಮ್ಗೂ ಅಭ್ಯಾಸ ಆಗೋಗುತ್ತೆ ಬಿಡಿ."

ನನಗೆ ಅಭ್ಯಾಸವಾಗಲಿಲ್ಲ. ಆ ಸದ್ದಿನಲ್ಲಿ ಅವರೆಲ್ಲ ಹೇಗೆ ಮಾತಾಡಿಕೊಳ್ಳುತ್ತಾರೆ ಎಂದು ಮಾತ್ರ ಮೆಟ್ಟಿಲ ಮೇಲೆ ನಿಂತು ಒಂದೆರಡು ಸಲ ನೋಡಿದ್ದೆ. ಮಗ್ಗದ ಈ ತುದಿಯವನು ಗಂಟಲೆತ್ತದೆ ಬಾಯಿ ಆಡಿಸಿದರೆ ಆ ತುದಿಯವಳು ಅವನ ತುಟಿ ನೋಡಿ ನಗುತ್ತಿದ್ದಳು. ಸೊಗಸಾಗಿದೆ ಎನಿಸಿತ್ತು. ಅಷ್ಟಕ್ಕೆ ಮರೆತೂ ಬಿಟ್ಟೆ.

ಕೊನೆಯ ವರ್ಷದ ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡಿದ್ದವರು ಒಂಬತ್ತೇ ಜನ. ಅವರಿಗೆ ಪ್ರಾಚೀನ ಗ್ರೀಕರ ಮಹಾಕಾವ್ಯದ ಪತ್ರಿಕೆ ನನ್ನ ಪಾಲಿಗೆ ಬಂತು. ಬಂತು ಎನ್ನುವುದಕ್ಕಿಂತ ನಾನೇ ಕೇಳಿ ಇಸಿದುಕೊಂಡೆ. ವೀರ ಎಂದರೆ ಯಾರು ಎಂಬ ಪಾಠ ಮಾಡಲು ನನ್ನಷ್ಟು ಲಾಯಕ್ಕಾದವನು ತಾಲ್ಲೂಕಿನಲ್ಲೇ ಇಲ್ಲ ಎಂದು ನಂಬಿದ್ದೆ. ತಗಡಿನ ಸೂರಿನ ಆ ಕೊಠಡಿಯಲ್ಲಿ ಬೋರ್ಡಿನ ತುಂಬ ಬರೆಯುತ್ತಾ, ಬರೆಯುತ್ತಲೇ ಹೇಳುತ್ತಾ ಹೋಗುವುದು ನನ್ನ ಪದ್ಧತಿ. ನನ್ನ ಮೇಷ್ಟ್ರುಗಳು ಹಾಗೇ ಮಾಡುತ್ತಿದ್ದರು. ಹುಡುಗರಿಗೆ ನನ್ನ ಮುಖಕ್ಕಿಂತ ಬೆನ್ನೇ ಹೆಚ್ಚು ಪರಿಚಯವಿದ್ದಿರಬೇಕು.

ಮೊದಲ ಬೆಂಚಿನ ನಡುವೆ ರಾಮಲಿಂಗ ಕೂರುತ್ತಿದ್ದ. ಸಣಕಲು ದೇಹ, ಅಂಗಿಯ ತೋಳಿನ ಮೇಲೆ ಯಾವಾಗಲೂ ನೂಲಿನ ಎಳೆಗಳು. ಬೆಳಗ್ಗೆ ಸಂಜೆ ಬೇರೆಯವರ ಶೆಡ್ಡಿನಲ್ಲಿ ಮಗ್ಗ ಓಡಿಸಿ ನಡುವೆ ಕಾಲೇಜಿಗೆ ಬರುತ್ತಿದ್ದ. ಪಾಠ ಮಾಡುವಾಗ ಕಣ್ಣು ಮಿಟುಕಿಸದೆ ನನ್ನ ಬಾಯನ್ನೇ ನೋಡುತ್ತಿದ್ದ. ಹಲ್ಲಿನಲ್ಲಿ ಸೊಪ್ಪು ಸಿಕ್ಕಿಕೊಂಡಿದೆಯೇನೋ ಎಂದು ಎರಡು ಸಲ ಸ್ಟಾಫ್ ರೂಮಿನ ಕನ್ನಡಿಯಲ್ಲಿ ನೋಡಿಕೊಂಡೆ. ಆಮೇಲೆ, ಇದು ಮೇಷ್ಟ್ರನ್ನು ಅಳೆಯುವ ನೋಟ ಎಂದು ತೀರ್ಮಾನಿಸಿದೆ. ಉತ್ತರ ಹೇಳುವಾಗ ಬೇಕಾದದ್ದಕ್ಕಿಂತ ಗಟ್ಟಿಯಾಗಿ ಹೇಳುತ್ತಿದ್ದ. ಅದೂ ಉದ್ಧಟತನವಾಗಿಯೇ ಕಂಡಿತು. ನಾನು ಬೋರ್ಡಿನ ಕಡೆ ತಿರುಗಿದ ಕೂಡಲೇ ಪಕ್ಕದ ಮಂಜುನಾಥನ ನೋಟ್ಸಿನೊಳಗೆ ತಲೆ ಹಾಕುತ್ತಿದ್ದ. ಅದನ್ನಂತೂ ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೆ.

ಆ ವರ್ಷದ ಮಳೆಗಾಲದಲ್ಲಿ ಕರೆಂಟ್ ಹೋಗುವುದಕ್ಕೆ ಹೊತ್ತುಗೊತ್ತಿರಲಿಲ್ಲ. ಹೋದರೆ ಊರಿನ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುತ್ತಿದ್ದವು. ಆಗ ಗುಬ್ಬಚ್ಚಿ ಕೂಗುವುದು, ದೂರದಲ್ಲಿ ಬಸ್ಸು ಗೇರು ಬದಲಾಯಿಸುವುದು ಎಲ್ಲ ಒಮ್ಮೆಗೇ ಕೇಳುತ್ತಿತ್ತು. ತರಗತಿಯವರೆಲ್ಲ ಉಸ್ಸೆಂದು ಕಿಟಕಿ ಕಡೆ ತಿರುಗುತ್ತಿದ್ದರು. ರಾಮಲಿಂಗ ಮಾತ್ರ ತಿರುಗುತ್ತಿರಲಿಲ್ಲ. ಅವನ ಮುಖದಲ್ಲಿ ಏನೂ ಬದಲಾಗುತ್ತಿರಲಿಲ್ಲ. ಎಷ್ಟು ಸಲ ನೋಡಿದ್ದೇನೆ ಅದನ್ನು! ಪಾಠದಲ್ಲಿ ಮುಳುಗಿದ್ದಾನೆ ಎಂದುಕೊಂಡು ಒಂದು ಸಲ ಖುಷಿಯೂ ಪಟ್ಟಿದ್ದೆ.

ಪಾಠವೇನೋ ಚೆನ್ನಾಗಿಯೇ ಮಾಡುತ್ತಿದ್ದೆ, ಅದನ್ನು ಈಗಲೂ ಬಿಟ್ಟುಕೊಡುವುದಿಲ್ಲ. ಗ್ರೀಕರ ಕಾವ್ಯದಲ್ಲಿ ವೀರನೆಂದರೆ ಒಳ್ಳೆಯವನು ಎಂದೇನಲ್ಲ ಎಂದು ಹೇಳುತ್ತಿದ್ದೆ. ಅವನು ದೊಡ್ಡ ಮನೆತನದವನು, ಮೈಯಲ್ಲಿ ದೇವರ ರಕ್ತವೂ ಸ್ವಲ್ಪ ಹರಿಯುತ್ತಿರುತ್ತದೆ. ರಣದಲ್ಲಿ ಎಷ್ಟು ಗಟ್ಟಿಯೋ ಸಭೆಯ ಮಾತಿನಲ್ಲೂ ಅಷ್ಟೇ ಗಟ್ಟಿ. ಎಲ್ಲಕ್ಕಿಂತ ಮುಖ್ಯವಾದದ್ದು ಅವನ ಮಾನ. ಗೆದ್ದು ತಂದದ್ದರಲ್ಲಿ ಅವನ ಪಾಲನ್ನು ಎಲ್ಲರ ಎದುರಿಗೆ ಕೊಟ್ಟರೆ ಅವನು ವೀರ, ಎಲ್ಲರ ಎದುರಿಗೆ ಕಿತ್ತುಕೊಂಡರೆ ಅವನು ಸತ್ತ ಹಾಗೆ. ಮನುಷ್ಯನಿಗೆ ಸಾವು ತಪ್ಪಿದ್ದಲ್ಲ, ಆದ್ದರಿಂದ ಹಾಡುವವರ ಬಾಯಲ್ಲಿ ಹೆಸರು ಉಳಿಯಬೇಕು. ಇದನ್ನೆಲ್ಲ ಹೇಳಿ ಒಂದು ದಿನ, ಆ ದಿನ ಅಪರೂಪಕ್ಕೆ ಮೇಜಿನ ಮೇಲೆ ಕೂತು, ಒಂಬತ್ತೂ ಜನರನ್ನು ಕೇಳಿದೆ. ಹೆಸರಿಲ್ಲದೆ ಮನೆಯಲ್ಲಿ ನೂರು ವರ್ಷ ಬದುಕುತ್ತೀರೋ, ಹೆಸರು ಉಳಿಸಿ ಬೇಗ ಸಾಯುತ್ತೀರೋ?

"ಹೆಸ್ರೇ ಬೇಕು ಸಾರ್," ಎಂದ ಮಂಜುನಾಥ. ಉಳಿದವರೂ ಹಾಗೇ ಅಂದರು. ಮೇಷ್ಟ್ರಿಗೆ ಏನು ಇಷ್ಟ ಎಂದು ಹುಡುಗರಿಗೆ ಗೊತ್ತಿರುತ್ತದೆ.

"ನಂಗೆ ಎರಡೂ ಬೇಡ ಸಾರ್," ಎಂದ ರಾಮಲಿಂಗ, ಗೋಡೆಯಾಚೆಗೂ ಕೇಳುವಂತೆ. "ಡಿಗ್ರಿ ಆಗ್ಬೇಕು, ಬಿ.ಎಡ್. ಮಾಡ್ಬೇಕು, ಹೈಸ್ಕೂಲ್ ಮೇಷ್ಟ್ರಾಗ್ಬೇಕು. ನಮ್ಮಪ್ಪನ ಕೈ ಬೂದಿ ಬಿಡಿಸ್ಬೇಕು."

ಬೂದಿ ಎಂದರೇನೆಂದು ಮಂಜುನಾಥ ವಿವರಿಸಿದ. ಮಗ್ಗದಲ್ಲಿ ಉದ್ದಕ್ಕೆ ಹಾಯಿಸಿದ ನೂಲು, ಅಂದರೆ ಹಳೆಯ ಹಾಸು, ಮುಗಿಯುತ್ತಾ ಬಂದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಬೆರಳು ಜಾರದಂತೆ ಬೂದಿ ಮುಟ್ಟಿಕೊಳ್ಳುತ್ತಾರೆ. ರಾಮಲಿಂಗನ ಅಪ್ಪ ಚೌಡಪ್ಪ ಮನೆಮನೆಗೆ ಹೋಗಿ ಅದೇ ಕೆಲಸ ಮಾಡುತ್ತಿದ್ದರು. ನಾನು "ಸರಿ ಸರಿ" ಎಂದು ಮುಂದಿನ ಪುಟ ತೆರೆದೆ. ವೀರರ ನಡುವೆ ಬಿ.ಎಡ್. ತಂದಿಟ್ಟನಲ್ಲ ಎಂದು ಒಳಗೊಳಗೇ ನಗು ಬಂದಿತ್ತು.

ದಸರಾ ರಜೆ ಮುಗಿದ ಮೇಲೆ ಕಿರುಪರೀಕ್ಷೆ ಇಟ್ಟೆ. ಹೊರಗೆ ಮಳೆ ತಗಡಿನ ಮೇಲೆ ಬೀಳುತ್ತಿತ್ತು. ಗ್ರೀಕ್ ಮಹಾಕಾವ್ಯದಲ್ಲಿ ವೀರನಾಗುವುದು ಯಾವುದರಿಂದ ಎಂಬ ಒಂದೇ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದೆ. ಬರೆಯುತ್ತಾ, ಬೋರ್ಡಿಗೇ ಮುಖ ಮಾಡಿಕೊಂಡು, "ಕಾವ್ಯದಿಂದ ಒಬ್ಬನನ್ನು ಆರಿಸಿಕೊಂಡು ಅವನು ಯಾಕೆ ವೀರ ಅಂತ ವಾದ ಮಾಡಿ, ನನ್ನ ನೋಟ್ಸ್ ಹಾಗೇ ಬರೆದರೆ ಮಾರ್ಕ್ಸ್ ಇಲ್ಲ" ಎಂದೆ. ತಿರುಗಿ ನೋಡಿದರೆ ಎಂಟು ತಲೆಗಳು ಕಾಗದದ ಮೇಲೆ. ಒಂಬತ್ತನೆಯದು ಮಂಜುನಾಥನ ಕಾಗದದ ಮೇಲೆ.

ನಾಲ್ಕು ತಿಂಗಳಿಂದ ಬರೆದಿಟ್ಟುಕೊಂಡದ್ದು ಒಮ್ಮೆಗೇ ಹೊರಗೆ ಬಂತು. ಹೋಗಿ ಅವನೆದುರು ನಿಂತು, ಅವನ ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು ಅಂದೆ:

"ಪಕ್ಕದ ಮನೆ ಡಿಸೈನ್ ಕದ್ದು ಸೀರೆ ನೇಯೋ ಹಾಗೆ ಪರೀಕ್ಷೆ ಬರೆಯೋಕಾಗಲ್ಲ ಕಣಯ್ಯ. ನಿಮ್ಮ ಬೀದಿ ಬುದ್ಧಿ ಇಲ್ಲಿ ಬೇಡ. ಹೋಗು, ಹಿಂದಿನ ಬೆಂಚಲ್ಲಿ ಕೂತ್ಕೊ."

ಡಿಸೈನ್ ಕದ್ದ ಎನ್ನುವುದು ಆ ಬೀದಿಗಳಲ್ಲಿ ಎಷ್ಟು ದೊಡ್ಡ ಮಾತೆಂದು ನನಗೆ ಗೊತ್ತಿತ್ತು. ಅದೇ ವಿಷಯಕ್ಕೆ ನನ್ನ ರೂಮಿನ ಕೆಳಗೆ ಇಬ್ಬರು ದಾಯಾದಿಗಳು ಕೈಕೈ ಮಿಲಾಯಿಸಿದ್ದನ್ನು ನೋಡಿದ್ದೆ. ಗೊತ್ತಿದ್ದೇ ಹೇಳಿದೆ. ಆ ಒಂಬತ್ತರಲ್ಲಿ ಆರು ಜನ ಮಗ್ಗದ ಮನೆಯವರು, ಯಾರೂ ನಗಲಿಲ್ಲ. ರಾಮಲಿಂಗ ಎದ್ದು ಹಿಂದೆ ಹೋಗಿ ಕೂತ. ಗಂಟೆ ಬಾರಿಸುವವರೆಗೂ ಬರೆದ, ಕಾಗದವನ್ನು ಮೇಜಿನ ಮೇಲಿಟ್ಟು ಮಳೆಯಲ್ಲೇ ಹೋದ. ನಾನು ಅದನ್ನು ಓದದೆ ಸೊನ್ನೆ ಹಾಕಿ ಉಳಿದ ಉತ್ತರಗಳ ಕಟ್ಟಿಗೆ ಸೇರಿಸಿದೆ.

ಮರುದಿನದಿಂದ ಅವನು ನನ್ನ ತರಗತಿಗೆ ಬರಲಿಲ್ಲ. ಉಳಿದ ಪಾಠಗಳಿಗೆ ಬರುತ್ತಿದ್ದ, ನನ್ನ ಹೊತ್ತಿಗೆ ಹೊರಗಿನ ಹೊಂಗೆ ಮರದ ಕೆಳಗೆ ಪುಸ್ತಕ ಹಿಡಿದು ಕೂರುತ್ತಿದ್ದ. ಕಿಟಕಿಯಿಂದ ಕಾಣುತ್ತಿತ್ತು. ಅದೇ ವಾರಗಳಲ್ಲಿ ನಾನು ಒಳಗೆ ಮಾಡುತ್ತಿದ್ದ ಪಾಠ ಯಾವುದು ಗೊತ್ತೇ? ಸೇನೆಯ ಒಡೆಯನಾದ ರಾಜ ತುಂಬಿದ ಸಭೆಯಲ್ಲಿ ತನ್ನ ಅತ್ಯುತ್ತಮ ಯೋಧನ ಮಾನ ತೆಗೆಯುತ್ತಾನೆ. ಯೋಧ ಯುದ್ಧ ಬಿಟ್ಟು ಡೇರೆಯಲ್ಲಿ ಹೋಗಿ ಕೂರುತ್ತಾನೆ. ಕೊನೆಗೆ ಸೋಲು ಬಂದು ಬಾಗಿಲು ಬಡಿದಾಗ ರಾಜ ಕಾಣಿಕೆಗಳನ್ನೂ ದೂತರನ್ನೂ ಕಳಿಸುತ್ತಾನೆ, ತಾನು ಮಾತ್ರ ಹೋಗುವುದಿಲ್ಲ. "ಅದೇ ಅವನ ಸಣ್ಣತನ, ಗುರುತು ಹಾಕಿಕೊಳ್ಳಿ," ಎಂದು ಎಂಟು ಜನಕ್ಕೆ ಹೇಳಿದೆ. ಎಂಟೂ ಜನ ಗುರುತು ಹಾಕಿಕೊಂಡರು. ಮಂಜುನಾಥ ಕಿಟಕಿಯ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿದ.

ಫೆಬ್ರವರಿಯಲ್ಲಿ ಹಾಜರಾತಿಯ ಲೆಕ್ಕ ತೆಗೆಯುವ ಕಾಲ ಬಂತು. ನನ್ನ ವಿಷಯದಲ್ಲಿ ಹಾಜರಿ ಸಾಲದಿದ್ದರೆ ಅವನಿಗೆ ಪರೀಕ್ಷೆಗೆ ಕೂರಲಾಗುತ್ತಿರಲಿಲ್ಲ. ಡಿಗ್ರಿ ಇಲ್ಲ, ಬಿ.ಎಡ್. ಇಲ್ಲ. ಒಂದು ಭಾನುವಾರ ಬೆಳಗ್ಗೆ ಚೌಡಪ್ಪ ನನ್ನ ರೂಮಿಗೆ ಬಂದರು. ಅರವತ್ತರ ಆಸುಪಾಸಿನ ಮನುಷ್ಯ. ಯಾರದೋ ಮನೆಯ ಕೆಲಸದ ನಡುವೆ ಎದ್ದು ಬಂದಿದ್ದರು, ಬೆರಳ ತುದಿಗಳಲ್ಲಿ ಬೂದಿ ಹಾಗೇ ಇತ್ತು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಸೀರೆ. ಪೇಪರಿನ ಮೇಲೂ ಬೂದಿಯ ಹೆಬ್ಬೆಟ್ಟಿನ ಗುರುತು.

"ಸ್ವಾಮಿ, ನಾನು ರಾಮಲಿಂಗನ ತಂದೆ. ಮಗಂದು ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಪರೀಕ್ಷೆಗೊಂದು ಕೂರಿಸ್ಬಿಡಿ."

"ನಾನೇನು ಬರಬೇಡ ಅಂದಿದ್ನಾ? ಅವನೇ ಬರಲಿಲ್ಲ."

"ಅವನಿಗೊಂದು ತೊಂದ್ರೆ ಐತೆ ಸ್ವಾಮಿ. ಯಾರ ಹತ್ರಾನೂ ಹೇಳ್ಬಾರ್ದು ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡವ್ನೆ."

"ತೊಂದರೆ ಎಲ್ಲರಿಗೂ ಇರುತ್ತೆ," ಎಂದೆ. ಅವರು ಸೀರೆಯನ್ನು ಮುಂದೆ ಚಾಚಿದರು.

"ಇದು ಹೊಸ ಹಾಸಿನ ಮೊದಲ್ನೇ ಸೀರೆ. ಅವನೇ ನೇಯ್ದಿದ್ದು, ಮಾಲೀಕರು ಕೊಟ್ರು. ನಾವು ಮೊದಲ್ನೇದು ಮಾರಲ್ಲ, ದೊಡ್ಡೋರ ಮನೆಗೆ ಕೊಡ್ತೀವಿ. ನಿಮ್ ತಾಯೋರು ಉಟ್ಕೊಳ್ಳಲಿ."

"ಲಂಚ ಕೊಡೋಕೆ ಬಂದ್ರಾ? ಮಗನದು ಕದಿಯೋದು, ಅಪ್ಪನದು ಇದು. ತಗೊಂಡು ಹೋಗಿ."

ಅವರ ಕಣ್ಣು ತುಂಬಿಕೊಂಡಿತು, ಒರೆಸಿಕೊಳ್ಳಲು ಹೋಗಿ ಬೂದಿ ಕೆನ್ನೆಗೆ ತಗುಲಿತು. ಸೀರೆಯನ್ನು ಎದೆಗೆ ಹಿಡಿದುಕೊಂಡು ಮೆಟ್ಟಿಲಿಳಿದರು. ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಪೇಪರು ತಿದ್ದಲು ಕೂತೆ.

ಹಾಜರಿ ಸಾಲದವರ ಪಟ್ಟಿ ನೋಟಿಸ್ ಬೋರ್ಡಿಗೆ ಬಂದ ದಿನ, ಅದೊಂದು ಶುಕ್ರವಾರ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಮಂಜುನಾಥ ಬಂದು ಎದುರಿಗೆ ಕೂತ. ಕೂತ್ಕೋ ಎಂದು ನಾನು ಹೇಳಿರಲಿಲ್ಲ.

"ಸಾರ್, ಅವನಿಗೆ ಕಿವಿ ಕೇಳಲ್ಲ ಸಾರ್. ಸಣ್ಣವನಿಂದ ಮಗ್ಗದಲ್ಲೇ ಇದ್ದು ಹೊರಟೋಗಿದೆ. ನೀವು ಎದುರಿಗಿದ್ರೆ ತುಟಿ ನೋಡಿ ತಿಳ್ಕೊತಾನೆ. ಬೋರ್ಡ್ ಕಡೆ ತಿರುಗಿದ್ರೆ ನನ್ ನೋಟ್ಸ್ ನೋಡ್ತಾನೆ. ಅವತ್ತು ನೀವು ಏನೋ ಅಂದ್ರಿ, ಅದನ್ನ ನಾನು ಬರ್ಕೊಂಡೆ, ಏನಂದ್ರಿ ಅಂತ ನೋಡೋಕೆ ಬಗ್ಗಿದ, ಅಷ್ಟೇ."

"ಮೊದಲೇ ಹೇಳೋಕೇನಾಗಿತ್ತು?"

"ಕಿವಿ ಕೇಳ್ದೋನಿಗೆ ಯಾರ್ ಸಾರ್ ಮೇಷ್ಟ್ರ ಕೆಲಸ ಕೊಡ್ತಾರೆ? ಹೇಳಿದ್ರೆ ನನ್ ಹೆಣ ನೋಡು ಅಂದಿದ್ದ. ನಾನೂ ಹೆದರಿಕೊಂಡೆ. ಹೇಳ್ಬೇಕಾಗಿತ್ತು."

ಕಾಫಿ ಅರ್ಧಕ್ಕೆ ಬಿಟ್ಟು ರೂಮಿಗೆ ಹೋದೆ. ಮೇಜಿನ ಮೇಲೆ ಹತ್ತಿಯ ಕಟ್ಟು ಕಂಡಿತು. ನನ್ನ ಕಿವಿಗಾಗಿ ತಂದಿದ್ದೆ, ಆ ಸದ್ದಿನಲ್ಲಿ ಹುಟ್ಟಿ ಬೆಳೆದವರ ಕಿವಿ ಏನಾಗಿರಬಹುದು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಇಡೀ ವರ್ಷದಲ್ಲಿ ಅವನ ಎದುರು ನೇರವಾಗಿ ನಿಂತು, ಮುಖ ನೋಡಿ, ಬಿಡಿಬಿಡಿಯಾಗಿ ನಾನು ಹೇಳಿದ್ದು ಆ ಬೈಗುಳವೊಂದನ್ನೇ. ಅದು ಮಾತ್ರ ಒಂದಕ್ಷರವೂ ತಪ್ಪದೆ ಅವನಿಗೆ ತಲುಪಿತ್ತು.

ಕಿರುಪರೀಕ್ಷೆಯ ಕಟ್ಟು ಬಿಚ್ಚಿ ಅವನ ಉತ್ತರ ತೆಗೆದೆ. ಇಂಗ್ಲಿಷ್ ತಪ್ಪುತಪ್ಪಾಗಿತ್ತು, ಆದರೆ ನನ್ನ ನೋಟ್ಸಿನ ಒಂದು ಮಾತೂ ಅಲ್ಲಿರಲಿಲ್ಲ. ಕಾವ್ಯದ ಕೊನೆಯಲ್ಲಿ ಬರುವ ಶತ್ರುಪಕ್ಷದ ಮುದುಕ ರಾಜನನ್ನು ಅವನು ಆರಿಸಿಕೊಂಡಿದ್ದ. ಮಗನನ್ನು ಕೊಂದ ಅದೇ ಯೋಧನ ಡೇರೆಗೆ ಒಬ್ಬನೇ ಹೋಗಿ, ಕೊಂದ ಕೈಗೇ ಮುತ್ತಿಟ್ಟು, ಮಗನ ಹೆಣ ಕೊಡು ಎಂದು ಬೇಡುವ ಮುದುಕ. ಅವನಿಗೆ ಶಕ್ತಿಯಿಲ್ಲ, ಕತ್ತಿಯಿಲ್ಲ, ಆದರೂ ಅವನಷ್ಟು ಧೈರ್ಯ ಆ ಕಾವ್ಯದಲ್ಲಿ ಬೇರೆ ಯಾರಿಗೂ ಇಲ್ಲ ಎಂದು ರಾಮಲಿಂಗ ಬರೆದಿದ್ದ. ಮುದುಕನನ್ನು ನೋಡಿ ಕೊಂದವನೂ ಅಳುತ್ತಾನೆ, ಕೋಪ ಬಿಡುತ್ತಾನೆ, ಅಲ್ಲಿಯವರೆಗೆ ಅವನು ಬರೀ ಬಲಶಾಲಿ, ಆ ದಿನ ವೀರನಾದ ಎಂದು ಮುಗಿಸಿದ್ದ. ಮೇಲೆ ನನ್ನ ಕೆಂಪು ಗೆರೆ, ಸೊನ್ನೆ. ಎರಡು ವಾರದ ಹಿಂದೆ ನನ್ನ ಮೆಟ್ಟಿಲೇರಿ ಬಂದು ಹೋದವರ ನೆನಪಾಗಿ ನನಗೆ ಕೂರಲಾಗಲಿಲ್ಲ.

ಶನಿವಾರ ಪ್ರಿನ್ಸಿಪಾಲರ ಬಳಿ ಹೋದೆ. ಅವರು ಒಳ್ಳೆಯ ಮನುಷ್ಯ. "ಪಟ್ಟಿ ಹೋಗಿದೆ. ಆದ್ರೂ ಸೋಮವಾರ ನೀವು ಬರೆದು ಕೊಟ್ರೆ ನಾನೇ ಯೂನಿವರ್ಸಿಟಿಗೆ ಹೋಗಿ ಸರಿ ಮಾಡಿಸ್ಕೊಂಡು ಬರ್ತೀನಿ," ಎಂದರು. "ತಪ್ಪು ನನ್ನದು, ಹುಡುಗ ಕಾಪಿ ಮಾಡಿಲ್ಲ, ನಾನು ಅವಮಾನ ಮಾಡಿದ್ದಕ್ಕೆ ತರಗತಿ ಬಿಟ್ಟ ಅಂತ ಸ್ಪಷ್ಟವಾಗಿ ಬರೀಬೇಕು. ನಿಮ್ದು ಇನ್ನೂ ಪ್ರೊಬೇಷನ್. ಕಾಗದ ಫೈಲಲ್ಲಿ ಇರುತ್ತೆ. ಯೋಚನೆ ಮಾಡಿ."

ಯೋಚನೆ ಮಾಡಿದೆ. ಅದೇ ನಾನು ಮಾಡಿದ ತಪ್ಪು. ಮೂರು ಸಲ ಬರೆದೆ, ಮೂರು ಸಲ ಹರಿದೆ. ಮೊದಲ ಸಲ ತಪ್ಪು ನನ್ನದು ಎಂದೇ ಇತ್ತು. ಎರಡನೇ ಸಲ ತಪ್ಪು ತಿಳುವಳಿಕೆ ಆಯಿತು. ಮೂರನೇ ಸಲ, ಹುಡುಗ ತನ್ನ ತೊಂದರೆಯನ್ನು ಮುಚ್ಚಿಟ್ಟಿದ್ದರಿಂದ ಎಂದು ಶುರುವಾಗಿತ್ತು. ಅದನ್ನು ಓದಿ ನನಗೇ ಅಸಹ್ಯವಾಯಿತು. ಸೋಮವಾರ ಬೆಳಗ್ಗೆ ಅಮ್ಮನಿಗೆ ಹುಷಾರಿಲ್ಲ ಎಂದು ರಜೆ ಚೀಟಿ ಕಳಿಸಿ ದೇವನಹಳ್ಳಿ ಮೇಲೆ ಊರಿಗೆ ಹೋಗುವ ಬಸ್ಸು ಹತ್ತಿದೆ. ಅಮ್ಮ ಚೆನ್ನಾಗಿದ್ದಳು. ಅವರೆಕಾಯಿ ಸುಲಿಯುತ್ತಾ ಕೂತಿದ್ದವಳು ನನ್ನ ಮುಖ ನೋಡಿ, "ಯಾಕಪ್ಪಾ, ಏನಾಯ್ತು?" ಎಂದಳು. ಏನಿಲ್ಲ ಎಂದೆ. ಮೂರು ದಿನ ಮುದ್ದೆ ಉಂಡುಕೊಂಡು ಅಲ್ಲೇ ಬಿದ್ದಿದ್ದೆ. ಗುರುವಾರ ಹಿಂದಿರುಗಿದಾಗ ಪ್ರಿನ್ಸಿಪಾಲರು ಏನೂ ಕೇಳಲಿಲ್ಲ.

ಏಪ್ರಿಲ್‌ನಲ್ಲಿ ಎಂಟು ಜನ ಪರೀಕ್ಷೆ ಬರೆದರು. ರಾಮಲಿಂಗ ಮಾರನೇ ವರ್ಷವೂ ಬರಲಿಲ್ಲ, ಪೂರ್ತಿ ಮಗ್ಗಕ್ಕೆ ಕೂತ ಎಂದು ಕೇಳಿದೆ. ನನಗೆ ವರ್ಗವಾಯಿತು, ಕೆಲಸ ಕಾಯಂ ಆಯಿತು, ಆಮೇಲೆ ಮೂವತ್ತು ವರ್ಷ ಬೇರೆ ಬೇರೆ ಊರುಗಳಲ್ಲಿ ಅದೇ ವೀರರ ಪಾಠ ಮಾಡಿದೆ. ಬೋರ್ಡಿನ ಕಡೆ ತಿರುಗಿ ಮಾತಾಡುವುದನ್ನು ಬಿಟ್ಟೆ. ಇಷ್ಟು ಮಾಡಿದೆನಲ್ಲ ಎಂದು ಕೆಲವು ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಅವನಿಗೆ ಅದರಿಂದ ಏನು ಬಂತು?

ಹೋದ ತಿಂಗಳು ಆ ಬೀದಿಯಲ್ಲಿ ನಿಂತವನು ಚಹಾದಂಗಡಿಯಲ್ಲಿ ಅವನ ಹೆಸರು ಹೇಳಿ ಕೇಳಿದೆ. "ಚೌಡಪ್ಪನೋರ ಮಗಾನಾ? ಅದೇ ನೀಲಿ ಬಾಗ್ಲು," ಎಂದರು. ಒಳಗೆ ಮೂರು ಮಗ್ಗ ಓಡುತ್ತಿದ್ದವು. ತಲೆ ಪೂರ್ತಿ ಬೆಳ್ಳಗಾದವನೊಬ್ಬ ಬಾಗಿದ್ದವನು ಎದ್ದ, ನನ್ನನ್ನು ನೋಡಿದ, ಬಾಯಿ ಅಗಲ ಮಾಡಿ ಕೂಗಿದ.

"ಮೇಷ್ಟ್ರೇ!"

ಕಾಲಿಗೆ ಬೀಳಲು ಬಂದ, ತಡೆದೆ. ಗೋಡೆಯ ಮೇಲೆ ಚೌಡಪ್ಪನವರ ಫೋಟೋ, ಅದಕ್ಕೊಂದು ಹಾರ. ಕೊನೆಯವರೆಗೂ ಕೈಗೆ ಬೂದಿ ಮುಟ್ಟಿಕೊಂಡೇ ಹೋದರಂತೆ, ನಾನು ಕೇಳದೆಯೇ ಹೇಳಿದ. ಆ ವರ್ಷದ ಸುದ್ದಿ ಎತ್ತಲೇ ಇಲ್ಲ. ಮಗಳ ಮದುವೆ ಎಂದು ಹೆಂಡತಿ ಹೇಳಿದ್ದನ್ನು ಅವಳ ತುಟಿಯಿಂದ ತಿಳಿದುಕೊಂಡು, ಒಳಗಿನಿಂದ ಸೀರೆಗಳನ್ನು ತಂದು ಚಾಪೆಯ ಮೇಲೆ ಹರಡಿದ. ಅವಳು ಒಂದೊಂದನ್ನೇ ಬಾಗಿಲ ಬೆಳಕಿಗೆ ಒಯ್ದು ನೋಡತೊಡಗಿದಳು.

ನಾನೂ ಒಂದು ಸೀರೆಯ ಅಂಚು ಹಿಡಿದು ತಲೆ ಬಗ್ಗಿಸಿ ಕೂತೆ. ಬೂದು ನೀಲಿ ಒಡಲು, ಕುಂಕುಮದ ಬಣ್ಣದ ಅಂಚು. ಅದನ್ನೇ ನೋಡುತ್ತಾ ಹೇಳಿಬಿಟ್ಟೆ. "ರಾಮಲಿಂಗ, ಅವತ್ತು ತಪ್ಪು ನಂದು. ಗೊತ್ತಾದ ಮೇಲೂ ಬರೆದು ಕೊಡಲಿಲ್ಲ. ಹೆದರಿಕೊಂಡು ಊರಿಗೆ ಓಡಿಹೋದೆ. ನಿಮ್ಮಪ್ಪನ್ನ ಅಳಿಸಿ ಕಳಿಸಿದೆ." ಮಗ್ಗದ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ.

ಅವನು ನನ್ನ ಭುಜ ತಟ್ಟಿದ.

"ಏನೋ ಅಂದ್ರಲ್ಲ ಸಾರ್. ಈ ಕಡೆ ತಿರುಗಿ ಹೇಳಿ."

ತಿರುಗಿದೆ. ಮೊದಲ ಬೆಂಚಿನಲ್ಲಿ ಕೂತಂತೆಯೇ, ಕಣ್ಣು ಮಿಟುಕಿಸದೆ, ನನ್ನ ಬಾಯನ್ನೇ ನೋಡುತ್ತಾ ಕಾಯುತ್ತಿದ್ದ.

"ಬಣ್ಣ ಚೆನ್ನಾಗಿದೆ ಅಂದೆ," ಎಂದೆ.

ಅವನಿಗೆ ಖುಷಿಯಾಯಿತು. ಸೀರೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಜೋಪಾನವಾಗಿ ಮಡಿಸಿ ಪೇಪರಿನಲ್ಲಿ ಸುತ್ತಿದ.

"ಇದು ಮಾರೋದಲ್ಲ ಸಾರ್, ಹೊಸ ಹಾಸಿನ ಮೊದಲ್ನೇದು. ನೀವೇ ತಗೊಂಡು ಹೋಗಿ," ಎಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ನಾನು ತೆಗೆದುಕೊಂಡೆ.